ಟ್ರಯಲ್ ಫಾರಂಗೆ ಸಹಿ ಹಾಕುವ ಮುನ್ನ

"ಇನ್ನೊಂದು ದಾರಿ ಇದೆ. ಒಂದು ಟ್ರಯಲ್ ನಡೀತಿದೆ, ನೋಡ್ತೀರಾ?"

ಕೀಮೊ ಮುಗಿದು ಕೆಲವು ತಿಂಗಳಾದ ಮೇಲೆ ಸ್ಕ್ಯಾನ್‌ನಲ್ಲಿ ಗಡ್ಡೆ ಮತ್ತೆ ಕಾಣಿಸಿಕೊಂಡಾಗ ಕ್ಯಾನ್ಸರ್ ತಜ್ಞರ ಬಾಯಿಂದ ಬರುವ ಮಾತಿದು. ಮಾತು ಐದು ನಿಮಿಷದಲ್ಲಿ ಮುಗಿಯುತ್ತದೆ. ಕೈಗೆ ಮಾತ್ರ ಹತ್ತಾರು ಪುಟಗಳ ಕಟ್ಟೊಂದು ಬಂದಿರುತ್ತದೆ. ಅದನ್ನು ಹಿಡಿದು ಬೆಂಗಳೂರಿನ ಶಿವಾಜಿನಗರದ ಬಸ್ಸಿನಲ್ಲೋ ಕೆ.ಆರ್. ಪುರದ ಮೆಟ್ರೊದಲ್ಲೋ ಮನೆ ಮುಟ್ಟುವಷ್ಟರಲ್ಲಿ ಸಲಹೆಗಾರರು ಹುಟ್ಟಿಕೊಂಡಿರುತ್ತಾರೆ. ಒಬ್ಬರು "ಪ್ರಯೋಗದ ಇಲಿ ಮಾಡ್ತಾರೆ, ಹುಷಾರು" ಎನ್ನುತ್ತಾರೆ. ಇನ್ನೊಬ್ಬರು "ಅಮೆರಿಕದ ಹೊಸ ಔಷಧಿ, ಪುಕ್ಕಟೆ ಸಿಕ್ತಿದೆ, ಬಿಡಬೇಡಿ" ಎನ್ನುತ್ತಾರೆ. ಇಬ್ಬರೂ ಆ ಕಟ್ಟನ್ನು ಬಿಚ್ಚಿ ನೋಡಿದವರಲ್ಲ.

ಬಿಚ್ಚಿ ನೋಡಿದರೆ ಈಚಿನ ಎಷ್ಟೋ ಟ್ರಯಲ್‌ಗಳಲ್ಲಿ ಒಂದೇ ಔಷಧ ಇರುವುದಿಲ್ಲ, ಜೋಡಿ ಇರುತ್ತದೆ. ಒಂದು, ಈಗಾಗಲೇ ಬಳಕೆಯಲ್ಲಿರುವ ಇಮ್ಯುನೊಥೆರಪಿ. ಇನ್ನೊಂದು, ಫಲ ಇನ್ನೂ ಸಾಬೀತಾಗದ ಹೊಸ ಔಷಧ. ಈ ಎರಡನ್ನೂ ಬೇರೆಬೇರೆ ಮಾಡಿ ಕೇಳುವುದನ್ನು ಕಲಿತರೆ ಗೊಂದಲ ಅರ್ಧಕ್ಕರ್ಧ ಇಳಿಯುತ್ತದೆ.

ಜೋಡಿ ಏಕೆ ಬೇಕು?

ದೇಹದ ಕಾವಲುಗಾರರಾದ ಟಿ ಕೋಶಗಳಿಗೆ ಬ್ರೇಕ್‌ಗಳಿವೆ. ಸೋಂಕು ಹೋದ ಮೇಲೂ ಅವು ಸಿಕ್ಕಸಿಕ್ಕಲ್ಲಿ ದಾಳಿ ಮಾಡದಿರಲಿ ಎಂದು ದೇಹವೇ ಇಟ್ಟುಕೊಂಡ ಏರ್ಪಾಡು ಅದು. ಕ್ಯಾನ್ಸರ್ ಗಡ್ಡೆ ಉಪಾಯವಾಗಿ ಈ ಬ್ರೇಕನ್ನೇ ಒತ್ತಿ ಹಿಡಿಯುತ್ತದೆ. ಬ್ರೇಕ್ ಬಿಡಿಸುವ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಹೀಗೆ ಬ್ರೇಕ್ ಬಿಡಿಸುವ ಮೊದಲ ಇಮ್ಯುನೊಥೆರಪಿ ಔಷಧ ಇಪಿಲಿಮುಮ್ಯಾಬ್‌ಗೆ ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್‌ಗಳಿಗೆ 2014ರಲ್ಲಿ.

ಆದರೆ ಬ್ರೇಕ್ ಬಿಟ್ಟ ಮಾತ್ರಕ್ಕೆ ಗಾಡಿ ಓಡಬೇಕೆಂದಿಲ್ಲ. ಕೆಲವು ಗಡ್ಡೆಗಳೊಳಗೆ ಟಿ ಕೋಶಗಳೇ ಇರುವುದಿಲ್ಲ. ವೈದ್ಯರು ಇವನ್ನು 'ತಣ್ಣನೆಯ ಗಡ್ಡೆ' ಎನ್ನುತ್ತಾರೆ. ಕೆಲವದರ ಸುತ್ತ ಟಿಜಿಎಫ್-ಬೀಟಾದಂಥ ಪ್ರೋಟೀನುಗಳು ಬೇಲಿ ಕಟ್ಟಿರುತ್ತವೆ. ಕೆಲವದರಲ್ಲಿ ಎರಡನೆಯ ಬ್ರೇಕ್ ಬೇರೆ ಇರುತ್ತದೆ. ಇಂಥಲ್ಲಿ ಬೇಲಿ ಮುರಿಯಲು, ಎರಡನೆಯ ಬ್ರೇಕ್ ಬಿಡಿಸಲು, ಇಲ್ಲವೇ ಗಡ್ಡೆಯ ಗುರುತನ್ನು ಟಿ ಕೋಶಗಳಿಗೆ ತೋರಿಸಿಕೊಡಲು ಇನ್ನೊಂದು ಔಷಧ ಬೇಕು. ಜೋಡಿ ಟ್ರಯಲ್‌ಗಳ ತರ್ಕ ಇಷ್ಟೇ.

ಫಲಿಸಿದ್ದು, ಕೈಕೊಟ್ಟದ್ದು

ಬೆಂಗಳೂರಿನ ನಂಟಿರುವ ಒಂದು ಉದಾಹರಣೆ ನೋಡಿ. ಬಯೋಕಾನ್‌ನ ಮಡಿಲಲ್ಲಿ ಹುಟ್ಟಿ ಬಾಸ್ಟನ್‌ನಲ್ಲಿ ನೆಲೆಯೂರಿದ ಬೈಕಾರಾ ಕಂಪನಿಯ ಫೈಸೆರಾಫಸ್ಪ್ ಆಲ್ಫಾ ಎಂಬ ಔಷಧ, ಗಡ್ಡೆಯ ಕೋಶಕ್ಕೆ ಒಂದು ಕೈಯಲ್ಲಿ ಅಂಟಿಕೊಂಡು ಇನ್ನೊಂದು ಕೈಯಲ್ಲಿ ಆ ಟಿಜಿಎಫ್-ಬೀಟಾ ಬೇಲಿಯನ್ನು ಕಟ್ಟಿಹಾಕುತ್ತದೆ. ಎಚ್‌ಪಿವಿ ವೈರಸ್ಸಿನಿಂದ ಬಾರದ, ಮುಂದುವರಿದ ತಲೆ-ಕುತ್ತಿಗೆ ಕ್ಯಾನ್ಸರ್ ಇದ್ದವರಿಗೆ ಇದನ್ನು ಪೆಂಬ್ರೊಲಿಜುಮ್ಯಾಬ್ ಜೊತೆ ಕೊಟ್ಟ ಆರಂಭಿಕ ಟ್ರಯಲ್‌ನಲ್ಲಿ, 39 ಮಂದಿಯ ಪೈಕಿ 54 ಶೇಕಡಾ ಜನರ ಗಡ್ಡೆ ಗಣನೀಯವಾಗಿ ಕುಗ್ಗಿತು. ಪೆಂಬ್ರೊಲಿಜುಮ್ಯಾಬ್ ಒಂದನ್ನೇ ಕೊಟ್ಟಿದ್ದ ಹಳೆಯ ದೊಡ್ಡ ಅಧ್ಯಯನದಲ್ಲಿ ಈ ಪ್ರಮಾಣ ಸುಮಾರು 19 ಶೇಕಡಾ. ಹಾಗೆಂದು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೀರ್ಪು ಕೊಡುವಂತಿಲ್ಲ. ಮೊದಲನೆಯದರಲ್ಲಿ ಹೋಲಿಸಿ ನೋಡಲು ಎದುರು ಗುಂಪೇ ಇರಲಿಲ್ಲ. ಅದಕ್ಕೇ ಈಗ ದೊಡ್ಡ ಟ್ರಯಲ್ ನಡೆಯುತ್ತಿದೆ.

ದೊಡ್ಡ ಟ್ರಯಲ್ ಏಕೆ ಬೇಕೆಂಬುದಕ್ಕೆ ಎಪಕಡೋಸ್ಟ್ಯಾಟ್‌ನ ಕತೆ ಸಾಕು. ಪೆಂಬ್ರೊಲಿಜುಮ್ಯಾಬ್ ಜೊತೆಗೂಡಿ ಸಣ್ಣ ಟ್ರಯಲ್‌ಗಳಲ್ಲಿ ಭಾರಿ ಭರವಸೆ ಹುಟ್ಟಿಸಿದ್ದ ಔಷಧವದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇದ್ದ 706 ಮಂದಿಯ ಮೂರನೇ ಹಂತದ ದೊಡ್ಡ ಟ್ರಯಲ್‌ನಲ್ಲಿ ಪರೀಕ್ಷಿಸಿದಾಗ ಏನೂ ಲಾಭವಿಲ್ಲವೆಂದು 2018ರಲ್ಲಿ ಗೊತ್ತಾಯಿತು. ಇನ್ನೂ ಕಹಿಯಾದ ಪ್ರಸಂಗ 2017ರ ಜುಲೈನದು. ಮೈಲೋಮ ಎಂಬ ರಕ್ತದ ಕ್ಯಾನ್ಸರ್‌ಗೆ ಬೇರೆ ಎರಡು ಔಷಧಗಳ ಜೊತೆ ಪೆಂಬ್ರೊಲಿಜುಮ್ಯಾಬ್ ಸೇರಿಸಿದ ಗುಂಪಿನಲ್ಲೇ ಸಾವು ಹೆಚ್ಚು ಕಂಡು, ಅಮೆರಿಕದ ಔಷಧ ನಿಯಂತ್ರಕರು ಆ ಟ್ರಯಲ್‌ಗಳನ್ನು ನಿಲ್ಲಿಸಿದರು.

ನಮ್ಮ ದೇಶಕ್ಕೆ ಹತ್ತಿರದ ಗೆಲುವು ಮುಂಬೈಯ ಟಾಟಾ ಮೆಮೋರಿಯಲ್‌ನದು. ತಂಬಾಕು, ಗುಟ್ಕಾಗಳಿಂದ ನಮ್ಮಲ್ಲಿ ಬಾಯಿ-ಗಂಟಲ ಕ್ಯಾನ್ಸರ್ ಹೆಚ್ಚು; ಪೂರ್ಣ ಡೋಸಿನ ಇಮ್ಯುನೊಥೆರಪಿ ಕೊಳ್ಳುವ ಶಕ್ತಿ ಇರುವವರು ನೂರಕ್ಕೆ ಮೂರೂ ಇಲ್ಲ. ಅಲ್ಲಿನ ವೈದ್ಯರು ಅಗ್ಗದ ಮೂರು ಔಷಧಗಳ ಕೂಟಕ್ಕೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿ ನೋಡಿದರು. ವಾಡಿಕೆಯ ಒಂದು ಡೋಸ್ ಎಂದರೆ 240 ಮಿಲಿಗ್ರಾಂ. 151 ರೋಗಿಗಳನ್ನು ಎರಡು ಗುಂಪು ಮಾಡಿದ ಈ ಟ್ರಯಲ್‌ನಲ್ಲಿ, ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ 16.3ರಿಂದ 43.4 ಶೇಕಡಾಕ್ಕೆ ಏರಿತು. ಇಮ್ಯುನೊಥೆರಪಿ ಸೇರಿಸದ ಗುಂಪಿಗೂ ಚಿಕಿತ್ಸೆ ಸಿಕ್ಕಿತ್ತು. ಯಾರನ್ನೂ ಬರಿಗೈಯಲ್ಲಿ ಬಿಟ್ಟಿರಲಿಲ್ಲ.

ಹೆಜ್ಜೆ ಹೆಜ್ಜೆಯಾಗಿ

1. ಗಡ್ಡೆಯ ಬ್ಲಾಕ್ ಕೈಗೆ ತೆಗೆದುಕೊಳ್ಳಿ. ಬಯಾಪ್ಸಿಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಬಿಲ್ಲೆಯನ್ನು ಪ್ಯಾರಾಫಿನ್ ಬ್ಲಾಕ್ ಎನ್ನುತ್ತಾರೆ. ಟಿ ಕೋಶಗಳ ಬ್ರೇಕ್ ಒತ್ತುವ ಪಿಡಿ-ಎಲ್1 ಪ್ರೋಟೀನಿನ ಪರೀಕ್ಷೆಯೇ ಮೊದಲಾದವು ಇದರ ಮೇಲೇ ನಡೆಯುವುದು. ಬಯಾಪ್ಸಿ ಮಾಡಿದ ಲ್ಯಾಬಿಗೆ ಅರ್ಜಿ ಕೊಟ್ಟು, ನಂಬರ್ ತಾಳೆ ನೋಡಿ ಪಡೆಯಿರಿ. ಮುಂದೆ ಅದನ್ನು ಯಾರಿಗೇ ಕೊಟ್ಟರೂ ರಸೀದಿ ಬರೆಸಿಕೊಳ್ಳಿ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ, ಅದು ಮೇಣ.

2. ಟ್ರಯಲ್‌ನ ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ಪ್ರತಿ ಟ್ರಯಲ್ಲೂ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಬೇಕು. ಇದು 2007ರಲ್ಲಿ ಶುರುವಾಗಿ 2009ರ ಜೂನ್ 15ರಿಂದ ಕಡ್ಡಾಯವಾಯಿತು. ಸಂಖ್ಯೆಯಲ್ಲಿ ಸಿಟಿಆರ್‌ಐ ಎಂಬ ಅಕ್ಷರಗಳ ಮುಂದೆ ವರ್ಷ, ತಿಂಗಳು, ಕೊನೆಗೆ ಆರಂಕಿಯ ಕ್ರಮಾಂಕ ಇರುತ್ತದೆ. ಅದನ್ನು ಹಾಕಿ ಹುಡುಕಿದರೆ ಖರ್ಚು ಹೊತ್ತವರು ಯಾರು, ಯಾವ ಊರಿನ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದಿದೆಯೇ, ಯಾರನ್ನು ಸೇರಿಸುತ್ತಾರೆ, ಯಾರನ್ನು ಇಲ್ಲ ಎಂಬುದೆಲ್ಲ ಒಂದೇ ಪುಟದಲ್ಲಿ ಸಿಗುತ್ತದೆ. ನಿಮ್ಮ ಆಸ್ಪತ್ರೆಯ ಹೆಸರು ಅಲ್ಲಿಲ್ಲದಿದ್ದರೆ ಕಾರಣ ಕೇಳಿ.

3. ಯಾವ ಹಂತ ಎಂದು ತಿಳಿಯಿರಿ. ಮೊದಲ ಹಂತದ ಪ್ರಶ್ನೆ, ಎಷ್ಟು ಡೋಸ್ ಸುರಕ್ಷಿತ ಎಂಬುದು. ಮೂರು ಮೂರು ಜನರಿಗೆ ಕೊಡುತ್ತಾ, ತೀವ್ರ ತೊಂದರೆ ಕಾಣದಿದ್ದರೆ ಡೋಸ್ ಏರಿಸುತ್ತಾ ಹೋಗುವುದು ಹಳೆಯ ಕ್ರಮ. ಎರಡನೇ ಹಂತದಲ್ಲಿ ಗಡ್ಡೆ ಕುಗ್ಗುತ್ತದೆಯೇ ಎಂದು ನೋಡುತ್ತಾರೆ. ಈಗಿರುವ ಚಿಕಿತ್ಸೆಗಿಂತ ಮೇಲೇ ಎಂಬುದು ಮೂರನೆಯ ಹಂತದ ಪ್ರಶ್ನೆ. "ನನಗೆ ಒಳ್ಳೆಯದಾಗುವ ಸಾಧ್ಯತೆ ಎಷ್ಟು?" ಎಂಬುದಕ್ಕೆ ಈ ಮೂರು ಹಂತಗಳಲ್ಲಿ ಉತ್ತರ ಒಂದೇ ಆಗಿರುವುದಿಲ್ಲ.

4. ಮೂರು ಪ್ರಶ್ನೆ ಬರೆದುಕೊಂಡೇ ಹೋಗಿ. ಜೋಡಿಯಲ್ಲಿ ಯಾವ ಔಷಧ ನನ್ನ ಬಗೆಯ ಕ್ಯಾನ್ಸರ್‌ಗೆ ಈಗಾಗಲೇ ಒಪ್ಪಿತವಾಗಿದೆ? ಹೊಸದನ್ನು ಇಷ್ಟರವರೆಗೆ ಎಷ್ಟು ಜನರಿಗೆ ಕೊಟ್ಟಿದ್ದಾರೆ, ಅವರಿಗೇನಾಯಿತು? ನಾನು ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು? ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗುವವರೆಗೆ ಎದ್ದು ಬರಬೇಡಿ. ಟ್ರಯಲನ್ನು ತೂಗಿ ನೋಡಬೇಕಾದ್ದು ಆ ಚಿಕಿತ್ಸೆಯ ಜೊತೆಗೆ.

5. ನಿಮ್ಮ ಭಾಷೆಯಲ್ಲೇ ಓದಿಸಿಕೊಳ್ಳಿ. ಕಂಟೋನ್ಮೆಂಟ್ ಸೀಮೆಯಲ್ಲಿ ಒಂದೇ ವಠಾರದಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಕೇಳಿಸುತ್ತದೆ. ಸಮ್ಮತಿ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂಬುದು ನಿಯಮ. ಇಂಗ್ಲಿಷ್ ಪ್ರತಿ ತೋರಿಸಿ "ಇಲ್ಲಿ ಸಹಿ ಹಾಕಿ ಸಾಕು" ಎಂದರೆ ಕನ್ನಡದ್ದನ್ನೇ ಕೊಡಿ ಎನ್ನಿ. ಓದಲು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿಯ ಎದುರಿನಲ್ಲಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮದು.

6. ಖರ್ಚಿನ ಪಟ್ಟಿ ಬರವಣಿಗೆಯಲ್ಲಿ ಕೇಳಿ. ಹೊಸ ಔಷಧ ಉಚಿತವೇ? ಜೊತೆಗಿನ ಇಮ್ಯುನೊಥೆರಪಿ? ಸ್ಕ್ಯಾನ್, ರಕ್ತಪರೀಕ್ಷೆ? ಕೆ.ಆರ್. ಪುರದಿಂದ ಹೊಸೂರು ರಸ್ತೆಯ ಆಸ್ಪತ್ರೆಗೆ ಹೋಗಿಬರುವ ಖರ್ಚು? ಇದೆಲ್ಲ ಪತ್ರದಲ್ಲಿ ನಮೂದಾಗಿರಬೇಕು. ಆರೋಗ್ಯ ವಿಮೆ ಇದ್ದರೆ ಒಂದು ವ್ಯತ್ಯಾಸ ನೆನಪಿರಲಿ. ಒಪ್ಪಿತ ಇಮ್ಯುನೊಥೆರಪಿ ಇಂಜೆಕ್ಷನ್ ವಿಮೆಯ ವ್ಯಾಪ್ತಿಗೆ ಬರುತ್ತದೆ, ಮಿತಿ ಇರಬಹುದು. ಸಾಬೀತಾಗದ ಚಿಕಿತ್ಸೆಯನ್ನು ಪಾಲಿಸಿಗಳು ಹೊರಗಿಡುತ್ತವೆ.

7. ಪರಿಹಾರದ ನಿಯಮ ತಿಳಿದಿರಲಿ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್ ವೇಳೆ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು. ಹಾನಿ ಟ್ರಯಲ್‌ನಿಂದಲೇ ಆದದ್ದೆಂದು ನಿರ್ಧಾರವಾದರೆ ಹಣದ ಪರಿಹಾರವೂ ಉಂಟು. ಸಾವಿನ ಪ್ರಕರಣದಲ್ಲಿ ಲೆಕ್ಕ 8 ಲಕ್ಷ ರೂಪಾಯಿಯ ಮೂಲ ಮೊತ್ತದಿಂದ ಶುರುವಾಗಿ ವಯಸ್ಸು, ಕಾಯಿಲೆಯ ತೀವ್ರತೆಗೆ ತಕ್ಕಂತೆ ಏರಿಳಿಯುತ್ತದೆ. ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆ ಇಲ್ಲದವರಿಗೆ ಈ ಲೆಕ್ಕದಲ್ಲಿ ತೀವ್ರತೆಯ ಗುಣಾಂಕ 0.5 ಮಾತ್ರ. ಮುಂದುವರಿದ ಕ್ಯಾನ್ಸರ್ ಇರುವವರ ಮನೆಯವರು ಈ ಸಾಲನ್ನು ಮೊದಲೇ ಓದಿಕೊಂಡಿರಬೇಕು.

8. ಔಷಧ ಫಲಿಸಿದರೆ ಮುಂದೇನು ಎಂದು ಕೇಳಿ. ಟ್ರಯಲ್ ಮುಗಿದ ಮೇಲೂ ಔಷಧ ಮುಂದುವರಿಸುವ ಅವಕಾಶ ನಿಯಮದಲ್ಲಿದೆ. ಬೇರೆ ಚಿಕಿತ್ಸೆ ಇಲ್ಲದಿದ್ದಾಗ, ವೈದ್ಯರ ಶಿಫಾರಸು ಮತ್ತು ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದ್ದರೆ ಅದನ್ನು ಉಚಿತವಾಗಿ ಕೊಡಬೇಕು. ಆ ಕಮಿಟಿಯಲ್ಲಿ ಕನಿಷ್ಠ ಏಳು ಜನರಿರುತ್ತಾರೆ. ಅರ್ಧದಷ್ಟಾದರೂ ಆ ಸಂಸ್ಥೆಗೆ ಸಂಬಂಧಪಡದವರು, ಒಬ್ಬರು ವೈದ್ಯಕೀಯದ ಹೊರಗಿನ ಸಾಮಾನ್ಯ ಪ್ರಜೆ. ಕಮಿಟಿಯ ಫೋನ್ ನಂಬರ್ ನಿಮ್ಮ ಕಟ್ಟಿನಲ್ಲೇ ಇರುತ್ತದೆ. ದೂರಿದ್ದರೆ ನೇರವಾಗಿ ಕರೆ ಮಾಡಬಹುದು.

ಇಂಜೆಕ್ಷನ್ ದಿನ ಹೀಗಿರುತ್ತದೆ

ಬೆಳಿಗ್ಗೆ ಬೇಗ ಹೋಗಿ ರಕ್ತ ಕೊಡಬೇಕು. ಲಿವರ್, ಕಿಡ್ನಿ, ಥೈರಾಯ್ಡ್ ಅಂಕಿಗಳು ಬರುವವರೆಗೆ ಔಷಧ ಬೆರೆಸುವುದಿಲ್ಲ, ಹಾಗಾಗಿ ಮೊದಲ ಎರಡು ಮೂರು ಗಂಟೆ ಕಾಯುವ ಕೆಲಸ. ಅಂಕಿ ಸರಿಯಿದ್ದರೆ ಡ್ರಿಪ್. ಪೆಂಬ್ರೊಲಿಜುಮ್ಯಾಬ್ ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ನಂತರ ಹೊಸ ಔಷಧದ ಸರದಿ, ಅದರ ಮೇಲೊಂದಿಷ್ಟು ಹೊತ್ತು ನಿಗಾ. ಆರಂಭಿಕ ಹಂತದ ಟ್ರಯಲ್ ಆದರೆ ಒಂದು, ಎರಡು, ನಾಲ್ಕು ಗಂಟೆಗೆಂದು ಮತ್ತೆ ಮತ್ತೆ ರಕ್ತ ತೆಗೆಯುತ್ತಾರೆ. ಔಷಧ ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆಂದು ಅಳೆಯಲು. ಸಂಜೆ ಹೊರಬೀಳುವಾಗ ಟಿನ್ ಫ್ಯಾಕ್ಟರಿ ಬಳಿ ಟ್ರಾಫಿಕ್ ಶುರುವಾಗಿರುತ್ತದೆ. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರ್‌ನಿಂದ ಹಲಸೂರು, ಇಂದಿರಾನಗರ, ಕೆ.ಆರ್. ಪುರಗಳನ್ನು ತಡೆಯಿಲ್ಲದೆ ಜೋಡಿಸಿರುವುದರಿಂದ ಈ ಭಾಗದವರಿಗೆ ಅದೇ ಮೇಲು. ಆದರೂ ರೋಗಿಯ ಜೊತೆ ಒಬ್ಬರು ಇಡೀ ದಿನ ಇರಬೇಕಾಗುತ್ತದೆ. ಮೊದಲ ತಿಂಗಳಲ್ಲಿ ಇಂಥ ದಿನ ವಾರಕ್ಕೊಂದು ಬರಬಹುದು. ದಿನಗೂಲಿ ಮನೆಗಳಲ್ಲಿ ಕಳೆದುಹೋಗುವ ಈ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಚ್ಚರಿಕೆ: ಜೋಡಿಯಾದರೆ ತೊಂದರೆಯೂ ಜೋಡಿ

ಮೆಲನೋಮಕ್ಕೆ ನಿವೊಲುಮ್ಯಾಬ್ ಒಂದನ್ನೇ ಕೊಟ್ಟಾಗ 16 ಶೇಕಡಾ ರೋಗಿಗಳಲ್ಲಿ ತೀವ್ರ ಅಡ್ಡಪರಿಣಾಮ ಕಂಡಿತ್ತು. ಇಪಿಲಿಮುಮ್ಯಾಬ್ ಜೊತೆಗೂಡಿಸಿದಾಗ ಅದು 55 ಶೇಕಡಾ ಆಯಿತು. 2015ರಲ್ಲಿ ಪ್ರಕಟವಾದ ಈ ಅಂಕಿ ಜೋಡಿ ಔಷಧದ ಎರಡು ಮುಖವನ್ನೂ ತೋರಿಸುತ್ತದೆ. ಕಾಯಿಲೆಯನ್ನು ಹೆಚ್ಚು ಕಾಲ ತಡೆದು ನಿಲ್ಲಿಸಿದ್ದೂ ಅದೇ ಜೋಡಿ.

ಬ್ರೇಕ್ ಬಿಟ್ಟ ಟಿ ಕೋಶಗಳು ಸ್ವಂತ ಅಂಗಗಳ ಮೇಲೇ ತಿರುಗಿಬೀಳುವುದರಿಂದ ಈ ತೊಂದರೆಗಳು ಕೀಮೊದವಕ್ಕಿಂತ ಬೇರೆ.

ಭೇದಿ: ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ ಅಥವಾ ರಕ್ತ ಕಂಡರೆ ಕರುಳಿನ ಉರಿಯೂತ ಇರಬಹುದು. ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಕಾಯುವಂತಿಲ್ಲ.

ಒಣಕೆಮ್ಮು, ಏದುಸಿರು: ಶ್ವಾಸಕೋಶದ ಉರಿಯೂತ ಇರಬಹುದು. ಧೂಳಿನ ಅಲರ್ಜಿ ಎಂದು ತಳ್ಳಿಹಾಕಬೇಡಿ.

ಎದೆನೋವು, ಎದೆಬಡಿತದಲ್ಲಿ ಏರುಪೇರು: ಹೃದಯದ ಸ್ನಾಯುವಿಗೆ ಪೆಟ್ಟು ಬೀಳುವುದು ಅಪರೂಪ, ಆದರೆ ಜೀವಕ್ಕೆ ಅಪಾಯ. ತಕ್ಷಣ ಹೊರಡಿ.

ವಿಪರೀತ ಸುಸ್ತು, ಕಣ್ಣು ಹಳದಿ: ಥೈರಾಯ್ಡ್, ಲಿವರ್ ನೋಡಿಸಬೇಕು.

ಇವು ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಹಾಗಾಗಿ ಟ್ರಯಲ್ ತಂಡ ಕೊಡುವ ಕಾರ್ಡು ಜೇಬಿನಲ್ಲೇ ಇರಲಿ. ನಡುರಾತ್ರಿ ಉಸಿರುಗಟ್ಟಿದಾಗ ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ ಓಡುವ ಬದಲು ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿಯ ಡಾಕ್ಟರಿಗೆ ಕಾರ್ಡು ತೋರಿಸಿ, "ಇದು ಕೀಮೊ ಅಲ್ಲ, ಇಮ್ಯುನೊಥೆರಪಿ ಟ್ರಯಲ್" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಚಿಕಿತ್ಸೆ ಬೇರೆ ಇರುತ್ತದೆ. ಬಹಳಷ್ಟು ಸಲ ಸ್ಟೀರಾಯ್ಡ್ ಬೇಕಾಗುತ್ತದೆ.

ಪದೇ ಪದೇ ಆಗುವ ತಪ್ಪುಗಳು

ಕಾಯುವ ಬದಲು ಬೇರೆ ಔಷಧ ಶುರು ಮಾಡುವುದು. ಹಿಂದಿನ ಚಿಕಿತ್ಸೆಗೂ ಟ್ರಯಲ್‌ಗೂ ನಡುವೆ ಸಾಮಾನ್ಯವಾಗಿ ಕೆಲವು ವಾರಗಳ ಅಂತರ ಕೇಳುತ್ತಾರೆ. ನಡುವೆ ಒಂದು ಡೋಸ್ ಕೀಮೊ ಹಾಕಿಸಿಕೊಂಡರೆ ಅವಕಾಶ ತಪ್ಪಬಹುದು. ಟ್ರಯಲ್ ಬಗ್ಗೆ ಯೋಚನೆ ಇದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ.

ಹಳೆಯ ಕಾಯಿಲೆ ಮುಚ್ಚಿಡುವುದು. ಕ್ಷಯ, ಹೆಪಟೈಟಿಸ್ ಬಿ, ಸಂಧಿವಾತ, ಸೋರಿಯಾಸಿಸ್, ಉಬ್ಬಸಕ್ಕೆ ನುಂಗುತ್ತಿರುವ ಸ್ಟೀರಾಯ್ಡ್ ಮಾತ್ರೆ, ಯಾವುದನ್ನೂ ಬಿಡದೆ ಹೇಳಿ. "ಹೇಳಿದರೆ ಸೇರಿಸಿಕೊಳ್ಳಲ್ಲ" ಎಂದು ಮುಚ್ಚಿಟ್ಟ ಕಾಯಿಲೆಯನ್ನು ಬ್ರೇಕ್ ಬಿಟ್ಟ ಟಿ ಕೋಶಗಳು ಕೆರಳಿಸಬಲ್ಲವು.

ನಾಟಿ ಔಷಧಿ ಜೊತೆಯಲ್ಲೇ ತೆಗೆದುಕೊಳ್ಳುವುದು. ಕಷಾಯ, ಭಸ್ಮ, ಪುಡಿ ಏನೇ ಇರಲಿ, ಡಬ್ಬಿ ಸಮೇತ ತೋರಿಸಿ. ಲಿವರ್ ಅಂಕಿ ಏರಿದಾಗ ಕಾರಣ ಟ್ರಯಲ್ ಔಷಧವೋ ಪುಡಿಯೋ ಎಂದು ಬೇರ್ಪಡಿಸುವುದು ಕಷ್ಟ.

ದುಡ್ಡು ಕೊಟ್ಟು 'ಟ್ರಯಲ್' ಸೇರುವುದು. ಕೋಶ ಚಿಕಿತ್ಸೆ, ಲಸಿಕೆ ಎಂಬ ಹೆಸರಲ್ಲಿ ಲಕ್ಷಗಟ್ಟಲೆ ಕೇಳಿ "ಪ್ರಯೋಗ ಹಂತದ್ದು" ಎನ್ನುವವರಿಗೆ ಎರಡನೇ ಹೆಜ್ಜೆಯಲ್ಲಿ ಹೇಳಿದ ನೋಂದಣಿ ಸಂಖ್ಯೆ ಕೇಳಿ. ಅಲ್ಲಿಗೇ ಮಾತು ನಿಲ್ಲುವುದುಂಟು.

ಮೊದಲ ಸ್ಕ್ಯಾನ್ ನೋಡಿ ತಾವೇ ನಿರ್ಧರಿಸುವುದು. ಟಿ ಕೋಶಗಳು ನುಗ್ಗಿದಾಗ ಗಡ್ಡೆ ಊದಿಕೊಂಡು ದೊಡ್ಡದಾಗಿ ಕಾಣುವುದುಂಟು. ಇದು ಅಪರೂಪ, ನಿಜವಾಗಿ ಬೆಳೆದಿರುವ ಸಾಧ್ಯತೆಯೇ ಹೆಚ್ಚು. ಎರಡರಲ್ಲಿ ಯಾವುದೆಂದು ತಿಳಿಯಲು ಕೆಲವು ವಾರ ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡುತ್ತಾರೆ.

ಸಹಿ ಹಾಕಿದ ಮೇಲೆ ಹೊರಬರುವಂತಿಲ್ಲ ಎಂದು ನಂಬುವುದು. ಯಾವ ದಿನ ಬೇಕಾದರೂ ಕಾರಣ ಕೊಡದೆ ಬಿಡಬಹುದು. ಮಾಮೂಲಿ ಚಿಕಿತ್ಸೆಗೆ ಅದರಿಂದ ಕುಂದು ಬರಬಾರದು. ಬಿಡುವ ಮುಂಚೆ ಕೊನೆಯ ತಪಾಸಣೆಯೊಂದನ್ನು ಮಾಡಿಸಿಕೊಳ್ಳುವುದು ನಿಮ್ಮ ಸುರಕ್ಷತೆಗೇ ಒಳ್ಳೆಯದು.

ನೋವಿನ ಆರೈಕೆಯನ್ನು ಕೊನೆಗೆ ತಳ್ಳುವುದು. "ಟ್ರಯಲ್ ನಡೀತಿದೆ, ಈಗಲೇ ಯಾಕೆ?" ಎಂದು ಮನೆಯವರು ಹಿಂಜರಿಯುತ್ತಾರೆ. ನೋವು, ನಿದ್ದೆ, ಊಟದ ಸಮಸ್ಯೆ ನೋಡುವ ಉಪಶಾಮಕ ಆರೈಕೆ ಟ್ರಯಲ್ ಜೊತೆಯಲ್ಲೇ ನಡೆಯಬಹುದು; ಕೊಡುವ ಔಷಧಗಳನ್ನು ಟ್ರಯಲ್ ತಂಡಕ್ಕೆ ತಿಳಿಸಿದರಾಯಿತು. ಪೂರ್ವ ಬೆಂಗಳೂರಿನವರಿಗೆ ಮಾರತ್‌ಹಳ್ಳಿಯ ಕರುಣಾಶ್ರಯ ಹತ್ತಿರ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಸೇರಿ 1994ರಲ್ಲಿ ಕಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಅದನ್ನು ನಡೆಸುತ್ತದೆ. ಅಲ್ಲಿ ಆರೈಕೆಗೆ ಹಣ ಪಡೆಯುವುದಿಲ್ಲ, ಮನೆಗೆ ಬಂದು ನೋಡುವ ತಂಡವೂ ಇದೆ.

ಮೊದಲ ಭೇಟಿಗೆ ಚೀಲದಲ್ಲಿ ಇರಬೇಕಾದವು

ಬಯಾಪ್ಸಿ ವರದಿ ಮತ್ತು ಬ್ಲಾಕ್, ಎಲ್ಲ ಸ್ಕ್ಯಾನ್‌ಗಳ ಸಿಡಿ, ಇಷ್ಟರವರೆಗಿನ ಕೀಮೊ ತಾರೀಖುಗಳ ಪಟ್ಟಿ, ಈಗ ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳು, ಮೂರು ಪ್ರಶ್ನೆ ಬರೆದ ಹಾಳೆ, ಒಂದು ಪೆನ್ನು. ಜೊತೆಗೆ ಮನೆಯ ಒಬ್ಬರು. ಸಮ್ಮತಿ ಪತ್ರ ಕೈಗೆ ಬಂದ ದಿನವೇ ಸಹಿ ಹಾಕಬೇಕೆಂದಿಲ್ಲ. ಮನೆಗೆ ಒಯ್ದು, ಅರ್ಥವಾಗದ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದು, ಎರಡು ದಿನ ಬಿಟ್ಟು ಬರುತ್ತೇವೆ ಎಂದು ಹೇಳಿ ಬನ್ನಿ.